ಭೀಮಸೇನರಾಯರು ಟೈಪ್ ಮಾಡಿದ ಭಾಷಣ

ಪದವಿ ಪ್ರದಾನ ಸಮಾರಂಭದ ದಿನ ಬೆಳಿಗ್ಗೆ ಭೀಮಸೇನರಾಯರು ತಮ್ಮ ಸ್ವಂತ ಭಾಷಣವನ್ನು ಆಫೀಸಿನ ಟೈಪ್‌ರೈಟರಿನಲ್ಲಿ ಹೊಡೆಯಲು ಕೂತದ್ದೇ ತಪ್ಪಾಯಿತು. ಮನೆಯಲ್ಲೇ ಕೈಯಲ್ಲಿ ಗೀಚಿಕೊಂಡಿದ್ದರೆ ಈ ಫಜೀತಿ ಇರುತ್ತಿರಲಿಲ್ಲ. ಆದರೆ ಬೆರಳು ಕೀಲಿಯ ಮೇಲಿಲ್ಲದೆ ಅವರಿಗೆ ಒಂದು ವಾಕ್ಯವೂ ಹೊಳೆಯುವುದಿಲ್ಲ.

ಧಾರವಾಡ ಬಿಟ್ಟು ವಡೋದರಾದ ಈ ಕಾಲೇಜಿಗೆ ಸ್ಟೆನೋ ಆಗಿ ಬಂದು ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಟೈಪ್ ಮಾಡಿದ್ದು ಬೇರೆಯವರ ಮಾತನ್ನೇ. ಈ ಸಲ ಮಗಳು ನಿಶ್ಚಿತಾ ಇಲ್ಲೇ ಬಿ.ಕಾಂ. ಮುಗಿಸಿದ್ದಳು. ಪಾಲಕರ ಪರವಾಗಿ ನೀವೇ ಎರಡು ಮಾತಾಡಿ ಎಂದು ಕಮಿಟಿಯವರು ಹೇಳಿದ್ದರು.

ಕಾಲೇಜಿಗೆ ಸೇರಿದ ದಿನವೇ ನಿಶ್ಚಿತಾ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು. “ಪಪ್ಪಾ, ಕಾಲೇಜ್‌ನಲ್ಲಿ ನನ್ನ ಗುರುತಿಲ್ಲ ಅನ್ನೋ ಥರ ಇರ್ಬೇಕು. ಫ್ರೆಂಡ್ಸ್ ಕಾಡಿಸ್ತಾರೆ.” ರಾಯರು ಮಾತು ಉಳಿಸಿಕೊಂಡರು. ಆದರೆ ಮೂರು ವರ್ಷವೂ ಅವಳು ಗೇಟು ದಾಟಿ ಒಳಗೆ ಬರುವುದನ್ನು ಕಿಟಕಿಯಿಂದ ನೋಡಿದ ಮೇಲೇ ದಿನದ ಮೊದಲ ಪತ್ರಕ್ಕೆ ಕೈ ಹಾಕುತ್ತಿದ್ದರು. ಇದನ್ನು ಮಗಳಿಗೆ ಹೇಳಬೇಕಿತ್ತು. ಮನೆಯಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಮೈಕಿನ ಮುಂದಾದರೂ ಎದ್ದೀತು ಎಂದುಕೊಂಡಿದ್ದರು.

ಹತ್ತು ಗಂಟೆಗೆ ಪ್ರಿನ್ಸಿಪಾಲ್ ತ್ರಿವೇದಿ ಬಂದು, ರೋಲರಿನಲ್ಲಿದ್ದ ಹಾಳೆಯನ್ನು ಎಂದಿನಂತೆ ಎಳೆದುಕೊಂಡು ಓದಿದರು. ಆ ಯಂತ್ರದಿಂದ ಬಂದದ್ದೆಲ್ಲ ತಮ್ಮದೇ ಎಂದುಕೊಳ್ಳುವುದು ಅವರಿಗೆ ಅಭ್ಯಾಸ. ಪಾಲಕರೆಲ್ಲರ ಪರವಾದ ಮಾತೆಂದು ರಾಯರೂ ಅದರಲ್ಲಿ ‘ಮಗಳು’ ಎನ್ನದೆ ‘ಮಕ್ಕಳು’ ಎಂದೇ ಬರೆದಿದ್ದರು.

“ವಾಹ್, ಭೀಮಸೇನ್‌ಭಾಯ್. ನಾನು ಕಿಟಕಿಯಲ್ಲಿ ನಿಂತು ಮಕ್ಕಳಿಗಾಗಿ ಕಾಯೋದು. ಬಹಳ ಒಳ್ಳೇದಾಗಿದೆ.”

“ಸರ್, ಅದು...” ಎಂದರು ರಾಯರು.

“ಉದ್ದ ಆಯ್ತು ಅಂತೀರಾ? ಇರಲಿ ಬಿಡಿ,” ಎಂದು ಪ್ರಿನ್ಸಿಪಾಲರು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಇಪ್ಪತ್ತೆರಡು ವರ್ಷ “ಯೆಸ್ ಸರ್” ಎಂದ ಬಾಯಿ ಇವತ್ತೂ ಅದನ್ನೇ ಎಂದಿತು.

ರಾಯರು ಹೊಸ ಹಾಳೆ ಏರಿಸಿದರು. ಮನೆಗೆ ಒಯ್ದ ಇಂಗ್ಲಿಷ್ ಡ್ರಾಫ್ಟುಗಳಲ್ಲಿ ಮಗಳು ತಮ್ಮ ತಪ್ಪು ತಿದ್ದುತ್ತಿದ್ದುದನ್ನು ಬರೆದರು, ನಿಜವಾಗಿ ಕಲಿತವನು ತಾನೇ ಎಂದೂ ಸೇರಿಸಿದರು. ಅಷ್ಟರಲ್ಲಿ ಅಧ್ಯಾಪಕರ ಪರವಾಗಿ ಮಾತಾಡಬೇಕಿದ್ದ ಅಕೌಂಟೆನ್ಸಿಯ ಲಿಂಗರಾಜ ಬೆವರು ಒರೆಸಿಕೊಳ್ಳುತ್ತ ಬಂದ. ಅವನೂ ಧಾರವಾಡದವನೇ.

“ರಾಯರ, ನನಗೊಂದು ಸಾಲೂ ತೋಚವಲ್ದು ನೋಡ್ರಿ. ಇದನ್ನ ನನಗ ಕೊಡ್ರಿ. ‘ಮಗಳು’ ಇದ್ದಲ್ಲಿ ‘ವಿದ್ಯಾರ್ಥಿಗಳು’ ಮಾಡಿದ್ರ ಆತು.”

“ಲಿಂಗರಾಜ, ನಾ ಏನ್ ಮಾತಾಡ್ಲೋ?”

“ನಿಮಗೇನ್ರಿ, ಕೈ ಇಟ್ರ ಭಾಷಣ ಬರ್ತದ,” ಎನ್ನುತ್ತ ಲಿಂಗರಾಜ ಹಾಳೆ ಎಳೆದುಕೊಂಡು ನಡೆದ.

ಆಮೇಲೆ ಸಮಾರಂಭದ ಕೆಲಸ ಮುತ್ತಿಕೊಂಡು ಮೂರನೆಯ ಹಾಳೆಗೆ ವೇಳೆ ಉಳಿಯಲಿಲ್ಲ. ಸಂಜೆ ಪ್ರಿನ್ಸಿಪಾಲರು ಕಿಟಕಿಯ ಕತೆ ಹೇಳಿದಾಗ ಸಭೆಯಲ್ಲಿ ಸೆರಗು, ಕರವಸ್ತ್ರ ಕಣ್ಣಿಗೆ ಹೋದವು. ಲಿಂಗರಾಜನಿಗೆ ಎರಡು ನಿಮಿಷ ಚಪ್ಪಾಳೆ ಬಿತ್ತು. ಆಮೇಲೆ ಭೀಮಸೇನರಾಯರ ಹೆಸರು ಕೂಗಿದರು. ಅವರು ಮೈಕಿನ ಮುಂದೆ ನಿಂತರು. ಮೊದಲ ಸಾಲಿನಲ್ಲಿ ಕಪ್ಪು ಗೌನು ತೊಟ್ಟ ಮಗಳು ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು. ಹೇಳಬೇಕಾದ್ದೆಲ್ಲ ಆಗಲೇ ಹೇಳಿ ಮುಗಿದಿತ್ತು. ಈಗ ಬಾಯಿಬಿಟ್ಟರೆ ಪ್ರಿನ್ಸಿಪಾಲರದ್ದನ್ನು ಕದ್ದ ಹಾಗಾಗುತ್ತಿತ್ತು.

“ಎಲ್ಲರಿಗೂ ಥ್ಯಾಂಕ್ಸ್. ಹಿಂದಿನ ಹಾಲ್‌ನಲ್ಲಿ ಊಟದ ವ್ಯವಸ್ಥೆ ಇದೆ,” ಎಂದು ಕೆಳಗಿಳಿದರು.

ಊಟದ ಸಾಲಿನಲ್ಲಿ ನಿಶ್ಚಿತಾ ಮೊದಲ ಸಲ ಎಲ್ಲರೆದುರಿಗೆ ಅಪ್ಪನ ಕೈ ಹಿಡಿದಳು. ರಾಯರ ಎದೆ ತುಂಬಿ ಬಂತು.

“ಪಪ್ಪಾ, ಸರ್ ಸ್ಪೀಚ್‌ಗೆ ನನಗೆ ಅಳುನೇ ಬಂತು. ಮೂರು ವರ್ಷ ನಮ್ಮನ್ನ ಹಾಗೆ ನೋಡ್ತಾ ನಿಂತಿದ್ರು ಅಂತ ಗೊತ್ತೇ ಇರ್ಲಿಲ್ಲ.”

“ನನಗೂ ಗೊತ್ತಿರಲಿಲ್ಲವ್ವಾ,” ಎಂದರು ರಾಯರು.

“ನೀವೇ ಟೈಪ್ ಮಾಡಿದ್ದಲ್ವಾ? ನನಗೊಂದು ಕಾಪಿ ಬೇಕು. ಫ್ರೇಮ್ ಹಾಕಿಸಿ ಇಟ್ಕೋತೀನಿ.”

ರಾಯರು ತಟ್ಟೆ ಕೆಳಗಿಟ್ಟು ಆಫೀಸಿಗೆ ಹೋಗಿ ದೀಪ ಹಾಕಿದರು. ಹಾಳೆ ನೋಡದೆಯೇ ಇಡೀ ಭಾಷಣವನ್ನು ಒಂದೂ ತಪ್ಪಿಲ್ಲದೆ ಟೈಪ್ ಮಾಡಿದರು. ಹಿಂದೆಯೇ ಬಂದು ಪಕ್ಕದಲ್ಲಿ ನಿಂತಿದ್ದ ಮಗಳು ಹೇಳಿದಳು, “ಕೆಳಗೆ ಸರ್ ಹೆಸರು ಹಾಕಿ, ಪಪ್ಪಾ.”

ಹಾಕಿದರು.