ಕೆಮ್ಮುವ ಅಳಿಯ

ಮದುವೆಯಾಗಿ ಬ್ಯಾಡಗಿಯ ಅತ್ತೆಮನೆಯಲ್ಲಿ ಉಳಿದ ಮೇಲೆ ಶಂಭುಲಿಂಗನಿಗೆ ಎಲ್ಲವೂ ಒಗ್ಗಿತು, ಒಂದನ್ನು ಬಿಟ್ಟು. ಅತ್ತೆ ಮಂಗಳವ್ವ ಬೆಳಿಗ್ಗೆ ಒಗ್ಗರಣೆಗೆ ಒಣಮೆಣಸಿನಕಾಯಿ ಮುರಿದು ಹಾಕಿದರೆ ಸಾಕು, ಅವನು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಬೀದಿಗೆ ಓಡಿಬರುತ್ತಿದ್ದ. ತನ್ನೂರು ಗಳಗನಾಥದ ಹೊಳೆ ದಂಡೆಯಲ್ಲಿ ತಂಪು ಗಾಳಿ ಕುಡಿದು ಬೆಳೆದ ಗಂಟಲು ಅದು. ಓಣಿಯ ಮಂದಿಯಾದರೋ ಮೆಣಸಿನಕಾಯಿ ಪೇಟೆಯ ಧೂಳಿನಲ್ಲೇ ತೊಟ್ಟಿಲು ತೂಗಿಸಿಕೊಂಡವರು. ಬೆಳಗಿನ ಚಹಾದ ಹೊತ್ತಿಗೆ ಕಟ್ಟೆಯ ಮೇಲೆ ಕೂತು ಅಳಿಯನ ಕೆಮ್ಮು ಕೇಳುವುದು ಅವರಿಗೊಂದು ರೂಢಿಯೇ ಆಗಿತ್ತು.

“ಅಳಿಯಂದ್ರು ಎದ್ರು ನೋಡ್ರಿ,” ಎನ್ನುತ್ತಿದ್ದ ಎದುರು ಮನೆಯ ಗುಡ್ಡಪ್ಪ. ಅವನದು ಪೇಟೆಯಲ್ಲಿ ದಲಾಲಿ ಅಂಗಡಿ. “ಬ್ಯಾಡಗಿ ನೀರು ಕುಡಿಯಾಕತ್ತಿ ಇಷ್ಟು ವರ್ಷ ಆತು, ಇನ್ನೂ ಪರವೂರಿನ ಗಂಟಲ ಬಿಟ್ಟಿಲ್ಲ.”

ಹೀಗೆ ಒಂದು ದಿನ ಬೀದಿಯಲ್ಲಿ ನಿಂತು ಕಣ್ಣೊರೆಸಿಕೊಳ್ಳುವಾಗಲೇ ಶಂಭುಲಿಂಗನಿಗೆ ಒಂದು ಯೋಚನೆ ಹೊಳೆಯಿತು. ಎರಡು ಮೆಣಸಿನಕಾಯಿ ಒಬ್ಬ ಗಂಡಸನ್ನು ಮನೆ ಬಿಟ್ಟು ಓಡಿಸುತ್ತವೆಂದರೆ, ಎರಡು ಕಿಲೋ ಹಾಕಿದರೆ ವೈರಿಯ ಒಂದು ತುಕಡಿಯೇ ಗಡಿ ದಾಟಿ ಓಡಬೇಕಲ್ಲ?

ಅವನು ರಾಣೇಬೆನ್ನೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ. ಹೆಸರಿಗಷ್ಟೇ ಅತಿಥಿ. ವರ್ಷ ಮುಗಿಯುತ್ತಲೇ ಎದ್ದು ಹೋಗು ಎನ್ನಿಸಿಕೊಳ್ಳುವ ಅತಿಥಿಯನ್ನು ಬೇರೆಲ್ಲೂ ಕಾಣಲಾರಿರಿ. ಕೆಲಸ ಕಾಯಂ ಆದರೆ ರಾಣೇಬೆನ್ನೂರಿನಲ್ಲೇ ಒಂದು ಬಾಡಿಗೆ ಮನೆ ಹಿಡಿಯಬೇಕು, ಅದರ ಅಡುಗೆಮನೆಗೆ ದೊಡ್ಡ ಕಿಟಕಿ ಇರಬೇಕು, ಇದು ಅವನ ಬದುಕಿನ ಆಸೆ. ಅದೇ ಹೊತ್ತಿಗೆ ಸೈನ್ಯದವರು ಹೊಸ ಆಯುಧ, ಹೊಸ ಉಪಕರಣಗಳಿಗಾಗಿ ಕಾಲೇಜುಗಳ ಜೊತೆ, ಸ್ಟಾರ್ಟಪ್‌ಗಳ ಜೊತೆ ಕೈಜೋಡಿಸುತ್ತಾರೆಂಬ ಸುದ್ದಿ ಬಂತು. ಪ್ರಿನ್ಸಿಪಾಲ್ ಚಂದ್ರಶೇಖರ ಅವರು ಸ್ಟಾಫ್ ರೂಮಿನಲ್ಲಿ ನಿಂತು ಹೇಳಿಯೇಬಿಟ್ಟರು: “ಯಾರ ಪ್ರಾಜೆಕ್ಟು ಸೈನ್ಯಕ್ಕ ಪಸಂದ ಬೀಳತೈತಿ, ಅವರ ಕೆಲಸ ಕಾಯಂ.”

ಮರುವಾರವೇ ‘ಘಾಟು ಡಿಫೆನ್ಸ್ ಸಿಸ್ಟಮ್ಸ್’ ಹುಟ್ಟಿತು. ಕಚೇರಿ ಅತ್ತೆಮನೆಯ ಮೆಟ್ಟಿಲ ಕೆಳಗೆ. ನಿರ್ದೇಶಕರು ಇಬ್ಬರು, ಶಂಭುಲಿಂಗ ಮತ್ತು ಹೆಂಡತಿ ಭುವನಾ. ಭುವನಾಳಿಗೆ ತಾನು ನಿರ್ದೇಶಕಿ ಎಂದು ಗೊತ್ತಾದದ್ದು ಗೋಡೆಗೆ ಫಲಕ ಹೊಡೆದ ಮೇಲೆ. ಆರು ತಿಂಗಳು ಕೆಮ್ಮಿ, ಸೀನಿ, ಅತ್ತು ಶಂಭುಲಿಂಗ ಒಂದು ಹೊಗೆಡಬ್ಬಿ ಮಾಡಿದ. ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಬ್ಯಾಡಗಿ ರುದ್ರ’ ಎಂದು ಬರೆಸಿದ.

ಗುಡ್ಡಪ್ಪ ಡಬ್ಬಿ ಮೂಸಿ ನೋಡಿ ಮುಖ ಕಿವುಚಿದ.

“ಮ್ಯಾಲೆ ಬ್ಯಾಡಗಿ ಅಂತ ಬರದು ಒಳಗ ಗುಂಟೂರು ಕಾಯಿ ತುಂಬೀರಲ್ರಿ ಸರ?”

“ನಮ್ಮ ಕಾಯಿಗೆ ಬಣ್ಣ ಭಾಳ, ಖಾರ ಕಡಿಮಿ, ಕಾಕಾ. ವೈರಿನ್ನ ಓಡಸಬೇಕು, ಬಣ್ಣಾ ಬಳದು ಕಳಸೂದಲ್ಲ.”

“ಆದ್ರೂ ಊರಿನ ಮರ್ಯಾದಿ ಅನ್ನೂದೊಂದು ಇರತೈತಿ,” ಎಂದು ಗುಡ್ಡಪ್ಪ ಮಾತು ಬಿಟ್ಟ.

ಪರೀಕ್ಷೆಯ ದಿನ ಬಂತು. ಬೆಳಗಾವಿಯಿಂದ ಕರ್ನಲ್ ಬಿಷ್ಟ್ ಎಂಬವರು ನಾಲ್ವರು ಅಧಿಕಾರಿಗಳ ಜೊತೆ ಕಾಲೇಜಿಗೆ ಬರುವವರಿದ್ದರು. ಶಂಭುಲಿಂಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೇವರಿಗೆ ಊದಿನಕಡ್ಡಿ ಹಚ್ಚಿ, ಅದರ ಹೊಗೆಗೂ ಒಮ್ಮೆ ಕೆಮ್ಮಿ ಹೊರಡುವಷ್ಟರಲ್ಲಿ ಪ್ರಿನ್ಸಿಪಾಲರ ಫೋನ್ ಬಂತು.

“ಶಂಭುಲಿಂಗ, ಹುಡುಗೂರನ್ನ ಹೊಗ್ಯಾಗ ನಿಂದ್ರಸಾಕ ಆಗೂದಿಲ್ಲ ನೋಡ್ರಿ. ತಾಯಿ ತಂದಿ ಫೋನ್ ಮ್ಯಾಲೆ ಫೋನ್ ಮಾಡಾಕತ್ತಾರ.”

“ಸರ, ಹೊಗ್ಯಾಗ ಯಾರರ ನಿಂದ್ರಬೇಕಲ್ರಿ. ಇಲ್ಲಾಂದ್ರ ಅದು ಕೆಲಸ ಮಾಡತೈತಿ ಅಂತ ಹೆಂಗ ತೋರಸೂದು?”

“ಎಲ್ಲಿಂದರ ನಾಕು ಮಂದಿನ್ನ ಕರಕೊಂಡ ಬರ್ರಿ. ಅವರು ಒಪ್ಪಿ ಬಂದಿರಬೇಕು, ಅಷ್ಟ.”

ಬೆಳಗಿನ ಹೊತ್ತು ಹೊಗೆ ಕುಡಿಯಲು ಒಪ್ಪುವ ಮಂದಿಯನ್ನು ಎಲ್ಲಿಂದ ತರಬೇಕು? ಶಂಭುಲಿಂಗ ತಲೆಯ ಮೇಲೆ ಕೈಹೊತ್ತು ಕೂತ. ಆದರೆ ಆ ಓಣಿಯಲ್ಲಿ ಒಬ್ಬರ ಕಷ್ಟ ಒಬ್ಬರಿಗೆ ತಿಳಿಯಲು ಬಾಯಿ ಬಿಡಬೇಕಾಗಿರಲಿಲ್ಲ. ಗುಡ್ಡಪ್ಪ ಮುನಿಸು ಬಿಟ್ಟು ಎದ್ದು ಬಂದ. ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸದ ಶಾರದವ್ವ, “ಮಿಲಿಟ್ರಿಯವರನ್ನ ನಾ ಹತ್ತರಿಂದ ನೋಡೇ ಇಲ್ಲ,” ಎಂದು ಸೆರಗು ಸಿಕ್ಕಿಸಿಕೊಂಡು ನಿಂತಳು. ಅದೇ ಓಣಿಯ ಚನ್ನೇಶ ತಾನು ಬಾಡಿಗೆಗೆ ಓಡಿಸುವ ಮೂರು ಗಾಲಿಯ ಟಂಟಂ ಗಾಡಿಯನ್ನೇ ತಂದು ಬಾಗಿಲಿಗೆ ಹಚ್ಚಿದ. ಮಂಗಳವ್ವ ರೊಟ್ಟಿಯ ಗಂಟು ಕಟ್ಟಿಕೊಂಡು ಎಲ್ಲರಿಗಿಂತ ಮೊದಲೇ ಹತ್ತಿ ಕೂತಿದ್ದಳು.

“ಅತ್ತಿಯವರ, ನೀವು ಯಾಕ್ರಿ?”

“ಅಳಿಯಂದ್ರ ಕೆಲಸ ಕಾಯಂ ಆಗೂ ದಿನ ನಾ ಮನ್ಯಾಗ ಕುಂದ್ರಲೇನ್ರಿ?”

ಶಂಭುಲಿಂಗನ ಕಣ್ಣು ತುಂಬಿ ಬಂತು. ಹೊಗೆಯಿಲ್ಲದೆ ಬಂದ ಕಣ್ಣೀರು ಅವನಿಗೇ ಹೊಸದೆನಿಸಿತು.

ಮೋಟೆಬೆನ್ನೂರು ದಾಟುವ ಮುನ್ನ ರಸ್ತೆಯ ಉಬ್ಬೊಂದಕ್ಕೆ ಟಂಟಂ ಎಗರಿತು. ಶಂಭುಲಿಂಗನ ತೊಡೆಯ ಮೇಲಿದ್ದ ಪೆಟ್ಟಿಗೆಯೊಳಗೆ ಏನೋ ‘ಟಪ್’ ಅಂದಿತು. ನೋಡುತ್ತಿದ್ದಂತೆ ಒಂದು ಡಬ್ಬಿಯಿಂದ ಕೆಂಪು ಹೊಗೆ ಎದ್ದು ಗಾಡಿಯನ್ನೆಲ್ಲ ತುಂಬಿತು.

“ಇಳೀರಿ, ಲಗೂ ಇಳೀರಿ,” ಎನ್ನುತ್ತ ಶಂಭುಲಿಂಗ ಕೆಳಗೆ ಹಾರಿ, ಬೇವಿನ ಮರವೊಂದನ್ನು ಅಪ್ಪಿಕೊಂಡು ಕೆಮ್ಮತೊಡಗಿದ. ಕಣ್ಣು ಕಾಣದು, ಕೆಮ್ಮು ನಿಲ್ಲದು. ಅಯ್ಯೋ, ಅತ್ತೆಯ ಗತಿ ಏನಾಯಿತೋ ಎಂದು ಹೆದರಿ ಟಂಟಂ ಕಡೆ ತಿರುಗಿದ.

ಹೊಗೆಯೊಳಗಿಂದ ಮಾತು ಕೇಳುತ್ತಿತ್ತು.

“ಈ ಸಲ ಕಾಯಿ ದರ ಏರೂ ಹಂಗ ಕಾಣಸ್ತೈತಿ,” ಎನ್ನುತ್ತಿದ್ದ ಗುಡ್ಡಪ್ಪ.

“ಏರಿದ್ರ ನಮಗೇನು ಬಂತ್ರಿ? ತೊಟ್ಟು ಮುರಿಯೂ ಕೂಲಿ ಅಷ್ಟ ಇರತೈತಿ,” ಎಂದಳು ಶಾರದವ್ವ.

ಹೊಗೆ ಹರಿಯಿತು. ನಾಲ್ವರೂ ಕೂತಲ್ಲೇ ಕೂತಿದ್ದರು. ಮಂಗಳವ್ವ ಮಾತ್ರ ಸ್ವಲ್ಪ ಮೂಗು ಅರಳಿಸಿ, “ಕಾಯಿ ತುಸು ಹೆಚ್ಚಿಗಿ ಹುರದೀರಿ ಅಳಿಯಂದ್ರ, ಸೀದ ವಾಸನಿ ಬರಾಕತ್ತೈತಿ,” ಎಂದಳು.

ಶಂಭುಲಿಂಗ ಮರ ಬಿಟ್ಟು ನೆಲಕ್ಕೆ ಕುಸಿದ. ಆರು ತಿಂಗಳು ಡಬ್ಬಿಯನ್ನು ಅವನು ತನ್ನ ಮೇಲೆಯೇ ಪರೀಕ್ಷಿಸಿದ್ದ. ಹುಟ್ಟಿದಾಗಿನಿಂದ ಮೆಣಸಿನಕಾಯಿಯಲ್ಲೇ ಬೆಳೆದವರ ಮೂಗಿಗೆ ಅದು ಊದಿನಕಡ್ಡಿಯ ಸಮ ಎಂಬುದು ಹೊಳೆದೇ ಇರಲಿಲ್ಲ. ಇವರು ಕರ್ನಲರ ಎದುರು ಹೀಗೇ ದರದ ಮಾತಾಡುತ್ತ ಕೂತರೆ ಕಾಯಂ ಕೆಲಸ ಹೋಗಲಿ, ಅತಿಥಿಯ ಕುರ್ಚಿಯೂ ಉಳಿಯುವುದಿಲ್ಲ. ಈಗ ಬೇರೆ ಮಂದಿಯನ್ನು ಹುಡುಕಲು ಹೊತ್ತಿಲ್ಲ.

“ಕಾಕಾ, ಕೈ ಮುಗಿತೇನಿ. ಅಲ್ಲಿ ಹೊಗಿ ಬಂದಾಗ ಎಲ್ಲಾರೂ ಒಂದೀಟು ಕೆಮ್ಮರಿ.”

“ಬರಲಾರದ ಕೆಮ್ಮು ಹೆಂಗ ಕೆಮ್ಮೂದ್ರಿ?” ಎಂದ ಚನ್ನೇಶ.

“ಏ, ಅದೇನು ದೊಡ್ಡ ಮಾತು,” ಎಂದು ಗುಡ್ಡಪ್ಪ ಮುಂದೆ ಬಂದ. ಹರೆಯದಲ್ಲಿ ಅವನು ನಾಟಕದಲ್ಲಿ ಪಾತ್ರ ಮಾಡಿದವನು. “ನಾ ಕಲಸ್ತೇನಿ. ಮೊದಲ ಎದಿ ಹಿಡಕೋಬೇಕು. ಆಮ್ಯಾಲೆ ಕಣ್ಣ ಮ್ಯಾಲೆ ಮಾಡಬೇಕು. ಕಡೀಕ ಕೆಮ್ಮು.”

ರಸ್ತೆಯ ಬದಿಯಲ್ಲಿ ತಾಲೀಮು ನಡೆಯಿತು. ಶಾರದವ್ವ ಕೆಮ್ಮುವ ಬದಲು ನಕ್ಕಳು. ಚನ್ನೇಶನ ಕೆಮ್ಮು ಕೇಳಿ ಹಾದುಹೋಗುತ್ತಿದ್ದ ಲಾರಿಯವನೊಬ್ಬ ನಿಲ್ಲಿಸಿ ನೀರಿನ ಬಾಟಲಿ ಕೊಟ್ಟು ಹೋದ. ಗುಡ್ಡಪ್ಪನಿಗೆ ಹೆಮ್ಮೆಯಾಯಿತು. ಅಳಿಯನಿಗಾಗಿ ಇಷ್ಟೂ ಮಾಡದಿದ್ದರೆ ಓಣಿ ಯಾಕೆ ಎಂದು ಎಲ್ಲರೂ ಒಪ್ಪಿಕೊಂಡು ಮತ್ತೆ ಗಾಡಿ ಹತ್ತಿದರು.

ಕಾಲೇಜಿನ ಮೈದಾನದಲ್ಲಿ ಶಾಮಿಯಾನ ಹಾಕಿತ್ತು. ಕರ್ನಲ್ ಬಿಷ್ಟ್ ಬೆಳಗಾವಿಯಲ್ಲಿ ಬಹಳ ವರ್ಷ ಇದ್ದವರು, ಮಾತು ನಮ್ಮ ಕಡೆಯದೇ. ಪ್ರಿನ್ಸಿಪಾಲರು ಅವರ ಪಕ್ಕ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಬ್ಯಾಡಗಿಯ ನಾಲ್ವರು ಮೈದಾನದ ನಡುವೆ ಸಾಲಾಗಿ ನಿಂತರು. ಶಂಭುಲಿಂಗ ಮೈಕು ಹಿಡಿದ.

“ಮಾನ್ಯರೆ, ಇದು ‘ಬ್ಯಾಡಗಿ ರುದ್ರ’...”

ಅಷ್ಟಕ್ಕೇ ಗುಡ್ಡಪ್ಪ ಎದೆ ಹಿಡಿದುಕೊಂಡು ಕೆಮ್ಮಿದ. ಅವನನ್ನು ನೋಡಿ ಉಳಿದವರೂ ಕೆಮ್ಮಿದರು. ಶಾರದವ್ವ ಕಣ್ಣು ಮೇಲೆ ಮಾಡಿ ಮಂಗಳವ್ವನ ಹೆಗಲಿಗೆ ಒರಗಿದಳು.

ಕರ್ನಲರು ಹುಬ್ಬೇರಿಸಿದರು. “ಇನ್ನೂ ಹೊತ್ತಿಸೇ ಇಲ್ಲಲ್ಲಾ?”

“ಹೆಸರು ಕೇಳಿದ್ರ ಸಾಕ್ರಿ ಸಾಹೇಬರ, ಗಂಟಲ ಹಿಡೀತೈತಿ,” ಎಂದ ಗುಡ್ಡಪ್ಪ, ಕೆಮ್ಮಿನ ನಡುವೆ ಬಹಳ ಸ್ಪಷ್ಟವಾಗಿ.

ಶಂಭುಲಿಂಗ ಡಬ್ಬಿ ಹೊತ್ತಿಸಿ ಎಸೆದ. ಕೆಂಪು ಹೊಗೆ ದಟ್ಟವಾಗಿ ಎದ್ದು ನಾಲ್ವರನ್ನೂ ಮುಚ್ಚಿತು. ಆದರೆ ಆಗಲೇ ಅವರು ಕೆಮ್ಮಿ ಕೆಮ್ಮಿ ದಣಿದಿದ್ದರು. “ಸುಳ್ಳ ಕೆಮ್ಮಿ ನನ್ನ ಗಂಟಲ ಖರೇನ ನೋಯಾಕತ್ತೈತವ್ವಾ, ಒಂದೀಟು ಕುಂದ್ರೂಣು,” ಎಂದು ಶಾರದವ್ವ ಹೊಗೆಯ ನಟ್ಟನಡುವೆ ಕುಳಿತೇಬಿಟ್ಟಳು. ಹಸಿವಿನ ಹೊತ್ತು, ಮೇಲೆ ಹುರಿದ ಕಾಯಿಯ ಘಮ. ಮಂಗಳವ್ವ ರೊಟ್ಟಿಯ ಗಂಟು ಬಿಚ್ಚಿದಳು.

ಆ ಹೊತ್ತಿಗೆ ಗಾಳಿ ತಿರುಗಿತು. ಹೊಗೆ ಸರಿದು, ಕೂತು ರೊಟ್ಟಿ ತಿನ್ನುತ್ತಿದ್ದ ನಾಲ್ವರೂ ಕರ್ನಲರ ಕಣ್ಣಿಗೆ ಬಿದ್ದರು.

ಶಾಮಿಯಾನದಲ್ಲಿ ಆದದ್ದನ್ನು ವಿವರಿಸುವುದು ಮರ್ಯಾದೆಯಲ್ಲ. ಗಡಿಯಲ್ಲಿ ಹಿಮಕ್ಕೂ ಗುಂಡಿಗೂ ಅಂಜದ ಅಧಿಕಾರಿಗಳು ನೀರಿನ ನಲ್ಲಿ ಎಲ್ಲಿದೆ ಎಂದು ಕೂಗುತ್ತ ಓಡಿದರು. ಪ್ರಿನ್ಸಿಪಾಲರು ಮೇಜಿನ ಕೆಳಗೆ ಸಿಕ್ಕರು. ಶಂಭುಲಿಂಗ ಮೈಕು ಹಿಡಿದೇ ಕೆಮ್ಮುತ್ತಿದ್ದನಾದ್ದರಿಂದ ಅವನ ಕೆಮ್ಮು ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನವರೆಗೆ ಕೇಳಿತಂತೆ.

ಅರ್ಧ ಗಂಟೆಯ ನಂತರ ಕರ್ನಲರು ಮುಖ ತೊಳೆದು, ಕೆಂಪು ಕಣ್ಣುಗಳೊಂದಿಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತು ಶಂಭುಲಿಂಗನನ್ನು ಕರೆಸಿದರು. ಅವನು ಬಾಗಿಲಲ್ಲೇ ನಿಂತು ಮನೆದೇವರನ್ನು ನೆನೆದ.

“ಕುಂದ್ರಿ,” ಎಂದರು ಕರ್ನಲರು. “ಡಬ್ಬಿ ಜೋರ ಐತಿ. ಆದ್ರ ಇಂಥಾವು ನಮ್ಮ ಕಡೆ ಆಗಲೇ ಅದಾವ. ಇಂಥಾ ಹೊಗ್ಯಾಗ ಕುಂತು ರೊಟ್ಟಿ ತಿನ್ನೋ ಮಂದಿ ನಮ್ಮ ಕಡೆ ಇಲ್ಲ. ವೈರಿ ನಮ್ಮ ಮ್ಯಾಲೆ ಹೊಗಿ ಬಿಟ್ರ ನಮ್ಮ ಜವಾನರು ಹಂಗ ಕುಂದ್ರಬೇಕು. ಇವರಿಗೆ ಹೆಂಗ ಸಾಧ್ಯ ಆತು ಅಂತ ಶೋಧ ಮಾಡೋಣು. ಸೈನ್ಯ, ನಿಮ್ಮ ಕಾಲೇಜು, ನಿಮ್ಮ ಸ್ಟಾರ್ಟಪ್, ಮೂರೂ ಕೂಡಿ.”

ಪ್ರಿನ್ಸಿಪಾಲರು ಮೇಜು ಬಡಿದು ಸಂತೋಷ ತೋರಿಸಿದರು. ಗುಡ್ಡಪ್ಪ ಕಿಟಕಿಯಿಂದಲೇ ತಲೆ ತೂರಿಸಿ, ಬ್ಯಾಡಗಿಯ ತನ್ನ ಗೋದಾಮು ಖಾಲಿ ಇದೆ, ಶೋಧ ಕೇಂದ್ರ ಅಲ್ಲೇ ಆಗಲಿ ಎಂದ. ಕರ್ನಲರು ಒಪ್ಪಿದರು. ನಾಲ್ವರಿಗೂ ಸೈನ್ಯದ ಗುರುತಿನ ಚೀಟಿ, ಗೌರವಧನ ಎಂದು ಮಾತಾಯಿತು.

“ಹಂಗಾದ್ರ ಸರ, ಆ ಕೇಂದ್ರಕ್ಕ ನಾನ ಮುಖ್ಯಸ್ಥ...” ಎನ್ನುತ್ತ ಶಂಭುಲಿಂಗ ಕುರ್ಚಿಯ ಅಂಚಿಗೆ ಸರಿದ.

“ಅದಕ್ಕ ಡಾಕ್ಟರು ಬೇರೆ ಬರ್ತಾರ,” ಎಂದರು ಕರ್ನಲರು. “ಆದ್ರ ನಿಮ್ಮನ್ನ ಬಿಟ್ರ ಕೆಲಸ ನಡಿಯೂದಿಲ್ಲ. ಈ ನಾಕು ಮಂದಿ ಕೆಮ್ಮೂದೇ ಇಲ್ಲ. ಹೊಗ್ಯಾಗ ಘಾಟು ಐತೋ ಇಲ್ಲೋ ತಿಳಿಯೂದು ಹೆಂಗ? ಅವರ ಬಾಜೂಕ ಒಬ್ಬ ಕೆಮ್ಮಾವ ಬೇಕು. ನಾ ಭಾಳ ಮಂದಿನ್ನ ನೋಡೇನಿ, ನಿಮ್ಮಷ್ಟು ಛಲೋ ಕೆಮ್ಮಾವನ್ನ ನೋಡಿಲ್ಲ.”

ಶಂಭುಲಿಂಗ ಪ್ರಿನ್ಸಿಪಾಲರ ಕಡೆ ನೋಡಿದ. ಅವರು ಮೆಲ್ಲಗೆ ಕೇಳಿದರು, “ಕಾಯಂ ಅಂತ ಬರಕೊಳ್ಳೂಣೇನ್ರಿ ಸಾಹೇಬರ?”

“ಅಗದೀ ಕಾಯಂ,” ಎಂದರು ಕರ್ನಲರು. “ಕೆಮ್ಮು ಇರೂತನಕ. ಹೊಗಿ ರೂಢಿ ಆಗಿ ಕೆಮ್ಮು ನಿಂತ್ರ ಮತ್ತೊಬ್ಬರನ್ನ ನೋಡಬೇಕಾಗತೈತಿ.”

ಆದರೂ ಕೆಲಸ ಕೆಲಸವೇ. ದೊಡ್ಡ ಕಿಟಕಿಯ ಬಾಡಿಗೆ ಮನೆಯ ಮಾತು ಅಲ್ಲಿಗೆ ಮುಗಿಯಿತು, ಕೇಂದ್ರ ಬ್ಯಾಡಗಿಯಲ್ಲೇ, ಅದೂ ಎದುರು ಮನೆಯವನ ಗೋದಾಮಿನಲ್ಲಿ. ಇರಲಿ, ಗಂಟಲು ಇರುವವರೆಗೆ ಅನ್ನಕ್ಕೆ ಕೊರತೆಯಿಲ್ಲ ಎಂದು ಶಂಭುಲಿಂಗ ಮನಸ್ಸಿಗೆ ಹೇಳಿಕೊಳ್ಳುತ್ತ ಟಂಟಂ ಹತ್ತಿದ. ಉಳಿದವರು ಹಬ್ಬಕ್ಕೆ ಹೊರಟವರ ಹಾಗೆ ಮಾತಾಡುತ್ತಿದ್ದರು. ಶಾರದವ್ವ ನಾಳೆ ಯಾವ ಸೀರೆ ಉಡಲಿ ಎಂದು ಕೇಳುತ್ತಿದ್ದಳು.

ಕಾಕೋಳ ದಾಟಿದ ಮೇಲೆ ಚನ್ನೇಶ ಒಮ್ಮೆ ಬ್ರೇಕು ಒತ್ತಿದ. ಪೆಟ್ಟಿಗೆಯಲ್ಲಿ ಉಳಿದಿದ್ದ ಕೊನೆಯ ಡಬ್ಬಿ ಸಿಡಿದು ಗಾಡಿಯ ತುಂಬ ಕೆಂಪು ಹೊಗೆಯಾಯಿತು. ಶಂಭುಲಿಂಗ ಅಭ್ಯಾಸದಂತೆ ಹಾರಲು ಎದ್ದವನು ಹಾಗೆಯೇ ನಿಂತ. ಒಂದು ಉಸಿರು ಎಳೆದ. ಮತ್ತೊಂದು ಎಳೆದ. ಮುಂಜಾನೆಯಿಂದ ಅಷ್ಟು ಹೊಗೆ ಕುಡಿದ ಗಂಟಲು ಸುಮ್ಮನಿತ್ತು.

ಮಂಗಳವ್ವ ಅವನನ್ನೇ ನೋಡುತ್ತಿದ್ದಳು. ಅವಳ ಮುಖ ಅರಳಿತು.

“ನೋಡ್ರಿ, ನಮ್ಮ ಅಳಿಯಂದ್ರಿಗೆ ಕೆಮ್ಮ ಬರಲೇ ಇಲ್ಲ. ಈಗ ಖರೇ ಬ್ಯಾಡಗಿಯವರಾದ್ರು.”

ಗುಡ್ಡಪ್ಪ ಪ್ರೀತಿಯಿಂದ ಅವನ ಬೆನ್ನು ತಟ್ಟಿದ. ಶಂಭುಲಿಂಗ ಎದೆ ಹಿಡಿದುಕೊಂಡ, ಕಣ್ಣು ಮೇಲೆ ಮಾಡಿದ, ಆಮೇಲೆ ತನ್ನ ಕೈಲಾದ ಮಟ್ಟಿಗೆ ಕೆಮ್ಮಿದ.