ಸೋದರಮಾವನ ಮನೆಗೆ ಹದಿನಾಲ್ಕು ಪರ್ಸೆಂಟು

"ಇಳಿಯೇ."

"ಮತ್ತೆ ಏರು ಬಂತಾ?"

"ಬಂತು. ಬ್ಯಾಟರಿ ಹದಿನಾಲ್ಕು ಪರ್ಸೆಂಟಿದೆ. ನಿನ್ನ ಕೂರಿಸ್ಕೊಂಡು ಹತ್ತಿಸಿದ್ರೆ ಹನ್ನೆರಡಾಗುತ್ತೆ."

ಅನಿತ ಇಳಿದಳು. ಶ್ರೀನಿವಾಸಪುರದಲ್ಲಿ ಅಪ್ಪನ ಕಡೆಯ ದೊಡ್ಡಮ್ಮ ರಾಮಲಕ್ಷ್ಮಮ್ಮನ ಮನೆ ಬಿಟ್ಟ ಮೇಲೆ ಇದು ನಾಲ್ಕನೆಯ ಸಲ. ಗಂಡ ಮುರಳಿಮೋಹನ್ ಎಲೆಕ್ಟ್ರಿಕ್ ಬೈಕಿನ ಮೇಲೆ ಗಂಭೀರವಾಗಿ ಕೂತು, ಹೆಂಡತಿಯ ನಡಿಗೆಗೆ ಸರಿಯಾಗಿ ಗಾಡಿ ಓಡಿಸುತ್ತ ಪಕ್ಕದಲ್ಲೇ ಬಂದ. ಅನಿತಳ ತಂಗಿ ಮೇಘನಳ ಮದುವೆ ಪತ್ರಿಕೆ ಹಂಚಲು ಇಬ್ಬರೂ ಬೆಳಿಗ್ಗೆ ಕೋಲಾರದಿಂದ ಹೊರಟವರು. ಬಸ್ಸಿಗೆ ಹೋಗೋಣ ಎಂದವಳು ಅನಿತ. ಹೊಸ ಗಾಡಿ ಇಟ್ಟುಕೊಂಡು ಬಸ್ಸೇ ಎಂದವನು ಮುರಳಿ. ಹಿಂದಿನ ರಾತ್ರಿ ಅರ್ಧ ಚಾರ್ಜಿಗೇ ಕರೆಂಟು ಹೋಗಿತ್ತು ಎನ್ನುವುದನ್ನು ಆ ಮಹಾನುಭಾವ ಊರು ದಾಟಿದ ಮೇಲೆ ಹೇಳಿದ್ದ.

"ಒಂದ್ ಚಾರ್ಜಿಗೆ ನೂರಿಪ್ಪತ್ತು ಕಿಲೋಮೀಟರ್ ಅಂದ್ರಲ್ಲ ಶೋರೂಮ್ನೋರು?"

"ಅದು ಒಬ್ನೇ ಹೋದ್ರೆ ಕಣೇ."

"ಮತ್ತೆ ಹಿಂದಿನ ಸೀಟು ಯಾಕಿಟ್ಟಿದ್ದಾರೆ?"

"ಅದಿಲ್ದೆ ಇದ್ರೆ ಗಂಡಸ್ರು ಮನೇಲಿ ಒಪ್ಸಕ್ಕಾಗಲ್ಲ."

ಅನಿತ ಸೆರಗಿನಿಂದ ಬೆವರೊರೆಸಿಕೊಂಡು ನಡೆದಳು. ಮುರಳಿಯ ಕಣ್ಣು ಗಾಡಿಯ ಮುಂದಿಟ್ಟಿದ್ದ ಚೀಲದ ಮೇಲೆ ಬಿತ್ತು.

"ಆ ಮಾವಿನಹಣ್ಣಿನ ಚೀಲ ಬೇರೆ ಎಂಟು ಕೆ.ಜಿ. ಇದೆ. ಬೇಡ ಅನ್ಬಾರ್ದಿತ್ತಾ?"

"ದೊಡ್ಡಮ್ಮ ತೋಟದಿಂದ ಕೀಳಿಸಿ ಕೊಟ್ಟಿದ್ದನ್ನ ಬೇಡ ಅನ್ನೋದಾ? ಆಮೇಲೆ ಮದುವೆಗೆ ಬರ್ತಾರಾ ಅವರು?"

"ಹಂಗಾದ್ರೆ ಆ ಮರದ ಕೆಳಗೆ ಕೂತು ಅಷ್ಟೂ ತಿಂದ್ಬಿಡೋಣ. ಭಾರ ಇಳಿಯುತ್ತೆ."

"ತಿಂದಿದ್ದು ಎಲ್ಲಿಗೆ ಹೋಗುತ್ತೆ?"

"ಹೊಟ್ಟೆಗೆ."

"ಹೊಟ್ಟೆ ಎಲ್ಲಿ ಕೂತಿರುತ್ತೆ?"

ಮುರಳಿ ನರಸಾಪುರದ ಕಾರ್ಖಾನೆಯಲ್ಲಿ ಬಿಡಿಭಾಗಗಳ ತೂಕ ಪರೀಕ್ಷಿಸುವವನು. ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅರ್ಧ ಏರು ಯೋಚಿಸಿದ.

"ಸಿಪ್ಪೆ, ವಾಟೆ ಬಿಸಾಕ್ತೀವಲ್ಲ. ಎರಡು ಕೆ.ಜಿ. ಉಳಿಯುತ್ತೆ," ಎಂದ.

ಹಾಲಿನ ಕ್ಯಾನು ಕಟ್ಟಿಕೊಂಡ ಹಳೆಯ ಮೊಪೆಡ್ಡೊಂದು ಹಿಂದಿನಿಂದ ಬಂದು ನಿಂತಿತು. ಮೇಲೆ ಕೂತಿದ್ದ ಮುದುಕ ಇಬ್ಬರನ್ನೂ ಮರುಕದಿಂದ ನೋಡಿದ.

"ಪೆಟ್ರೋಲ್ ಖಾಲಿನಾಪ್ಪಾ? ಒಂದ್ ಬಾಟ್ಲು ಕೊಡ್ಲಾ?"

"ಇದಕ್ಕೆ ಪೆಟ್ರೋಲ್ ಬೇಕಾಗಿಲ್ಲ ತಾತ."

"ಓಹೋ. ಅದಕ್ಕೇ ಆಯಮ್ಮ ನಡೀತಾವ್ರೆ," ಎಂದು ಮುದುಕ ಹೊರಟುಹೋದ.

ಅಷ್ಟರಲ್ಲಿ ಅನಿತಳ ಫೋನು ಬಡಿಯಿತು. ಮೇಘನ. ಮಾತು ಮುಗಿಸಿದಾಗ ಅನಿತಳ ಮುಖ ಬಿಳಿಚಿತ್ತು.

"ರೀ, ಗಂಗುಲಪ್ಪ ಮಾವಂಗೆ ಗೊತ್ತಾಗ್ಹೋಗಿದೆ. ದೊಡ್ಡಮ್ಮನೇ ಫೋನ್ ಮಾಡಿದ್ರಂತೆ. ಮೊದಲ್ನೇ ಪತ್ರಿಕೆ ನಮಗೇ, ಎರಡೂವರೆ ಗಂಟೆ ಕೂತಿದ್ದು ಹೋದ್ರು ಅಂತ."

"ಕೂತಿದ್ದು ಚಾರ್ಜಿಗಲ್ವಾ? ಅವರ ಮನೇಲಿ ವೋಲ್ಟೇಜ್ ಕಮ್ಮಿ."

"ಅದನ್ನ ಮಾವಂಗೆ ಹೇಳಿ ನೋಡೋಣ."

ಹೇಳುವ ಹಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಆ ಕಡೆಯ ಹಿರಿಯರೆಂದರೆ ಸೋದರಮಾವ ಗಂಗುಲಪ್ಪನವರೊಬ್ಬರೇ. ಮೇಘನಳನ್ನು ಕೈಹಿಡಿದು ಹಸೆಗೆ ಕರೆತರಬೇಕಾದವರು ಅವರು. ಅವರು ಮುನಿದು ಮನೆಯಲ್ಲೇ ಕೂತರೆ ತಂಗಿ ಯಾರ ಕೈ ಹಿಡಿದು ಬರಬೇಕು? ಅನಿತಳಿಗೆ ಅಳುವೇ ಬಂತು. ಅಳುತ್ತಲೇ ಏರು ಹತ್ತಿದಳು.

ಮುಳಬಾಗಿಲಿನ ಈಚೆಯ ಹಳ್ಳಿಯಲ್ಲಿ, ಸೋದರಮಾವನ ಮನೆಯ ಮುಂದೆ ಗಾಡಿ ನಿಂತಾಗ ಮಧ್ಯಾಹ್ನ ಒಂದೂವರೆ, ಬ್ಯಾಟರಿ ಎರಡು. ಗಂಗುಲಪ್ಪ ಜಗಲಿಯ ಮೇಲೆ ಕೂತಿದ್ದರು. ಏಳಲಿಲ್ಲ.

"ಏಮಮ್ಮಾ, ದಾರಿ ತಪ್ಪಿ ಬಂದ್ರಾ?"

"ಪತ್ರಿಕೆ ಕೊಡೋಣ ಅಂತ ಮಾವ..."

"ಅಲ್ಲಿಟ್ಟು ಹೋಗಿ. ಬೇಕಾದೋರ ಮನೆಗೆ ಆಗ್ಲೇ ಹೋಗಿ ಬಂದ್ರಲ್ಲ."

ಮುರಳಿ ಕೈಕಟ್ಟಿ ನಿಂತ.

"ಹೋಗೋಕಾಗಲ್ಲ ಮಾವ."

"ಯಾಕಪ್ಪಾ ಆಗಲ್ಲ?"

"ನೀವು ಒಳಗೆ ಕರೀದೆ ಇದ್ರೆ ಇಲ್ಲಿಂದ ಮುಂದಕ್ಕೆ ಹೋಗೋಕೇ ಆಗಲ್ಲ."

"ಸಾಯಂಕಾಲದ ತನಕ ಕರೀದೆ ಇದ್ರೆ?"

"ನಾಳೆ ಸಾಯಂಕಾಲದ ತನಕ ಕರೀದೆ ಇದ್ರೂ ಅಷ್ಟೇ. ನಾನೂ ಇಲ್ಲೇ, ಗಾಡಿನೂ ಇಲ್ಲೇ."

ಒಂದಕ್ಷರವೂ ಸುಳ್ಳಲ್ಲ. ಗಂಗುಲಪ್ಪ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು.

"ಮಿಕ್ಕೋರೆಲ್ಲ ಪತ್ರಿಕೆ ಕೈಗೆ ತುರುಕಿ ಓಡೋರೇ. ಅಳಿಯ ಅಂದ್ರೆ ನೀನಪ್ಪಾ. ಬಾ, ಕಾಲು ತೊಳ್ಕೊ."

"ಪ್ಲಗ್ ಎಲ್ಲಿದೆ ಮಾವ?"

"ಕಿಟಕಿ ಹತ್ರ."

ಮುರಳಿ ಚಾರ್ಜರ್ ಚುಚ್ಚಿ, ಸ್ವಿಚ್ಚು ಹಾಕಿ, ನೆಮ್ಮದಿಯಾಗಿ ಕಾಲು ತೊಳೆದ. ಅನಿತಳಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಮಾವ ಮುದ್ದೆ ಬಡಿಸಿದರು, ಅವರೆಕಾಳಿನ ಸಾರು ಬಡಿಸಿದರು, ಅವಳ ಅಮ್ಮನ ಮದುವೆಯಲ್ಲಿ ಬೀಗರು ಊಟಕ್ಕೆ ಜಗಳ ತೆಗೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಪತ್ರಿಕೆಯನ್ನು ಮಾತ್ರ ಮುಟ್ಟಲಿಲ್ಲ. ಹೀಗೆ ಮೂರು ಗಂಟೆ ಕಳೆಯಿತು. ಮುರಳಿ ಎದ್ದು ಗಾಡಿ ನೋಡಿಬಂದ.

"ಅನಿತ, ಎರಡೇ ಇದೆ ಕಣೇ."

"ಕರೆಂಟ್ ಹೋಗಿತ್ತಾ ಮಾವ?"

"ಫ್ಯಾನ್ ತಿರುಗ್ತಾ ಇದೆಯಲ್ಲಮ್ಮಾ."

ಅನಿತ ಕಿಟಕಿಯ ಬಳಿ ಹೋಗಿ ನೋಡಿದಳು.

"ರೀ, ಸ್ವಿಚ್ಚೇ ಹಾಕಿಲ್ವಲ್ರೀ ನೀವು!"

"ಹಾಕಿದ್ದೆ ಕಣೇ!"

"ಹಾಕಿದ್ದ," ಎಂದರು ಗಂಗುಲಪ್ಪ. "ನಾನೇ ಆರಿಸಿದ್ದು."

"ಯಾಕೆ ಮಾವ?"

"ನನಗೇನು ಗೊತ್ತಾಗಲ್ವಾ? ಅವನ ಕೈಲಿ ಪತ್ರಿಕೆಗಿಂತ ಮೊದಲು ಆ ವೈರು ಬಂತು. ಗಾಡಿ ತುಂಬಿದ್ರೆ ನೀವು ಕೂರ್ತಿದ್ರಾ?" ಗಂಗುಲಪ್ಪ ಎದ್ದು ಗೋಡೆಯ ಗಡಿಯಾರ ನೋಡಿದರು. "ಅಲ್ಲಿ ಎರಡೂವರೆ ಗಂಟೆ ಕೂತಿದ್ರಿ. ಇಲ್ಲಿ ಮೂರಾಯ್ತು."

ತಾವೇ ಸ್ವಿಚ್ಚು ಒತ್ತಿದರು. ಆಮೇಲೆ ಟವೆಲು ಸರಿಮಾಡಿಕೊಂಡು, ಪೂರ್ವಕ್ಕೆ ಮುಖಮಾಡಿ ಕೂತು, ಎರಡೂ ಕೈ ಚಾಚಿದರು.

"ಈಗ ಕೊಡಮ್ಮಾ ಪತ್ರಿಕೆ."

ಅನಿತ ಅರಿಶಿನ ಕುಂಕುಮದೊಂದಿಗೆ ಪತ್ರಿಕೆ ಕೊಟ್ಟು ಕಾಲಿಗೆ ಬಿದ್ದಳು. ಅವಳ ಎದೆಯ ಭಾರವೆಲ್ಲ ಇಳಿಯಿತು.

"ಇದು ತುಂಬೋಕೆ ಎಷ್ಟೊತ್ತಪ್ಪಾ ಅಳಿಯಾ?"

"ಇನ್ನೂ ನಾಲ್ಕು ಗಂಟೆ ಮಾವ."

"ಒಟ್ಟು ಏಳಾಯ್ತು," ಎಂದರು ಗಂಗುಲಪ್ಪ. "ಆ ರಾಮಲಕ್ಷ್ಮಮ್ಮಂಗೆ ಒಂದ್ ಫೋನ್ ಹಚ್ಚಿ ಕೊಡು."