ಕುಂಬಳಕಾಯಿಯ ಗುಮ್ಮಟ, ಬದನೆಕಾಯಿಯ ತುರುಬು

ಕಾಯಿಪಲ್ಲೆಯಲ್ಲಿ ಚಿತ್ರ ಮಾಡುವವರಿಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ಏನೂ ಆಗದ ವಾರ ನನಗೇ ಬೇಸರ. ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ರವಿವಾರ ನಾವು ನಾಲ್ಕಾರು ಗೆಳತಿಯರು ಸಂತೆಯಲ್ಲಿ ಮಿಕ್ಕ ಕಾಯಿಪಲ್ಲೆ ತಂದು, ಅದರಲ್ಲೇ ಚಿತ್ರ ಮಾಡಿ ಜನರಿಗೆ ತೋರಿಸಿ, ಅಡಿಗೆ ಮಾಡಿ ಬಂದವರಿಗೆಲ್ಲ ಬಡಿಸುತ್ತೇವೆ. ನಮ್ಮದೊಂದೇ ಹಟ: ಒಂದು ಎಲೆಯೂ ತಿಪ್ಪೆ ಸೇರಬಾರದು.

೧. ಮಿಕ್ಕದ್ದು

ಮೊದಲ ದಿನ ನಗರದ ಸಂತೆಯಲ್ಲಿ ಮೆಂತ್ಯೆ ಮಾರುವವಳನ್ನು ಕೇಳಿದೆ, "ಉಳಿದ ಪಲ್ಲೆ ಇದ್ರ ಕೊಡ್ರಿ ಯವ್ವಾ."

ಆಕೆ ಸೆರಗು ಸರಿಮಾಡಿಕೊಂಡಳು. "ನಂದು ಉಳಿಯೂದ ಇಲ್ರಿ."

ಮುಂದೆ ಬುಟ್ಟಿ ತುಂಬ ಬಾಡಿದ ಮೆಂತ್ಯೆ. "ಮತ್ತ ಇದೇನ್ರಿ?"

"ಇದಾ? ಇದನ್ನ ಇನ್ನಾ ಮಾರಿಲ್ರಿ."

೨. ಗುಮ್ಮಟ

ತಿಕೋಟಾದಲ್ಲಿ ಭಾರೀ ಕುಂಬಳಕಾಯಿಯೊಂದು ಸಿಕ್ಕಿತು. ಸುತ್ತ ನಾಲ್ಕು ಸೋರೆಕಾಯಿ ನಿಲ್ಲಿಸಿದರೆ ಸಾಕ್ಷಾತ್ ಗೋಳಗುಮ್ಮಟ. ಜನ ಫೋಟೋ ತೆಗೆದುಕೊಂಡಿದ್ದೇ ತೆಗೆದುಕೊಂಡಿದ್ದು. ಹೆಚ್ಚುವ ಹೊತ್ತಿಗೆ ಎಲ್ಲರೂ ಕೈಕಟ್ಟಿ ಕುಳಿತೆವು. ಇಡೀ ಕುಂಬಳಕಾಯಿಗೆ ಮೊದಲ ಏಟು ಗಂಡಸರೇ ಹಾಕಬೇಕೆಂಬುದು ರೂಢಿ. ನಮ್ಮಲ್ಲಿ ಗಂಡಸರೇ ಇಲ್ಲ. ದಾರಿಯಲ್ಲಿ ಹೊರಟಿದ್ದ ಬಿಜ್ಜರಗಿಯ ಕುರಿಯವನನ್ನು ಕರೆದೆವು. "ಯಣ್ಣಾ, ಇದಕ್ಕೊಂದ ಏಟ ಹಾಕಿ ಕೊಡ್ರಿ."

ಆತ ಹೆಗಲ ಮೇಲಿನ ಕೊಡಲಿ ಎತ್ತಿದ. ಕುಂಬಳಕಾಯಿ ನೋಡಿದ, ಸೋರೆಕಾಯಿ ನೋಡಿದ, ಕೊಡಲಿ ಕೆಳಗಿಟ್ಟ.

"ಗುಮ್ಮಟಕ್ಕ ಏಟ ಹಾಕಿದ್ರ ಕೇಸ್ ಆಗಂಗಿಲ್ಲೇನ್ರಿ?"

೩. ಬಬಲೇಶ್ವರದ ಊಟ

ನಗರದಿಂದ ನಮ್ಮ ಜೊತೆ ಬರುವ ಅಡಿಗೆಯ ಅಮ್ಮನಿಗೆ ಅರವತ್ತು ದಾಟಿದೆ. ರೊಟ್ಟಿ ಬಡಿಯಲು ಕುಳಿತರೆ ನಾಲ್ವರ ಕೆಲಸ ಒಬ್ಬಳೇ ಮುಗಿಸುತ್ತಾಳೆ. ಬಬಲೇಶ್ವರದಲ್ಲಿ ಅಂದು ಕಾಯಿಪಲ್ಲೆ ಬಹಳ ಸಿಕ್ಕಿತ್ತು. ಅರ್ಧ ಅಡಿಗೆಗೆ ಹೋಯಿತು. ಉಳಿದರ್ಧದಲ್ಲಿ, ಆಕೆಯ ಗೌರವಕ್ಕೆಂದು, ಹಲಗೆಯ ಮೇಲೆ ಆಕೆಯದೇ ಮುಖ ಮಾಡಿದೆ: ಬದನೆಕಾಯಿಯ ತುರುಬು, ಮೂಲಂಗಿಯ ಮೂಗು, ಟೊಮೆಟೊ ಕುಂಕುಮ. ಮಾರಾಟವಾಗದ ಚೆಂಡುಹೂವಿನ ಮಾಲೆಯನ್ನೂ ಹಾಕಿದೆವು. ನೊಣ ಕೂರಬಾರದೆಂದು ಮುಂದೆ ಊದಿನಕಡ್ಡಿ ಹಚ್ಚಿದೆವು.

ಹನ್ನೆರಡಾಯಿತು, ಒಂದಾಯಿತು. ಊಟಕ್ಕೆ ಒಬ್ಬರೂ ಬರಲಿಲ್ಲ. ಎಲ್ಲರೂ ದೂರದಿಂದಲೇ ಕೈಮುಗಿದು ಹೋಗುತ್ತಿದ್ದರು. ಡಬರಿ ತುಂಬ ಪಲ್ಲೆ. ಆ ಬಿಸಿಲಿಗೆ ಸಂಜೆಯೊಳಗೆ ಹಳಸುವುದು ಖಂಡಿತ. ನನಗೆ ಅಳುವೇ ಬಂತು. ಒಬ್ಬ ಮುದುಕನನ್ನು ತಡೆದು, "ಉಂಡ ಹೋಗ್ರಿ ಅಜ್ಜಾರ" ಎಂದೆ.

ಆತ ದನಿ ಇಳಿಸಿದ. "ಬ್ಯಾಡ್ರಿ, ನಾವು ಬೀಗರಲ್ಲ, ಬಳಗ ಅಲ್ಲ. ಯಾವಾಗ ತೀರಿಕೊಂಡ್ರು, ಪಾಪ?"

ಅಡಿಗೆಯ ಅಮ್ಮ ಸೌಟು ಹಿಡಿದೇ ಹೊರಗೆ ಬಂದು ಚಿತ್ರದ ಪಕ್ಕ ನಿಂತಳು. "ನೋಡ್ರಿ, ನಾ ಇಲ್ಲೇ ಅದೀನಿ!"

ಆತ ಎರಡೂ ಮುಖಗಳನ್ನು ಹೋಲಿಸಿ ನೋಡಿದ. "ತೀರಿಕೊಂಡಾಕಿ ನಿಮ್ಮ ಅಕ್ಕ ಏನ್ರಿ? ಮೂಗ ಹಂಗ ಐತಿ."

ಆಕೆ ಚಿತ್ರದ ಮೂಲಂಗಿ ಕಿತ್ತು ಕರಕರ ಕಡಿದಳು. "ಅಕ್ಕಾನೂ ನಾನ, ತಂಗೀನೂ ನಾನ. ಯಾರೂ ಸತ್ತಿಲ್ಲೋ ಯಪ್ಪಾ, ಬಂದ ಉಣ್ಣ!"

ಆತ ಕುಳಿತ. ಆತ ಕುಳಿತದ್ದು ಕಂಡು ಓಣಿಯೇ ಬಂದು ಕುಳಿತಿತು. ಪಲ್ಲೆ ಸಾಲದೆ ಚಿತ್ರವನ್ನೂ ಹೆಚ್ಚಿ ಒಲೆಗಿಟ್ಟೆವು. ಮೂರು ಗಂಟೆಗೆ ಡಬರಿ ಖಾಲಿ. ನನ್ನ ಜೀವ ತಣ್ಣಗಾಯಿತು.

ಹೊರಡುವ ಮುಂಚೆ ಮುದುಕ ಅಡಿಗೆಯ ಅಮ್ಮನ ಮುಂದೆ ನಿಂತು ಕೈಮುಗಿದ. "ಊಟ ಭಾಳ ಛಲೋ ಇತ್ರಿ ಯವ್ವಾ. ನೀವು ಖರೇನ ತೀರಿಕೊಂಡಾಗೂ ಅಡಗಿ ನೀವ ಮಾಡ್ರಿ."